ಮಾಸ್ತರನ ಕಣ್ಣು

ಮಾನ್ವಿಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದ ಮಾಳಿಂಗಪ್ಪನಿಗೆ ಮಾತು ಬರುತ್ತದೆ ಎನ್ನುವುದು ಊರಿಗೆ ಗೊತ್ತಾಗುತ್ತಿದ್ದುದು ಶುಕ್ರವಾರ ಮಾತ್ರ. ಉಳಿದ ದಿನ ‘ಹೂಂ’, ‘ನಾಳಿ ಬರ್ರಿ’, ಅಷ್ಟೇ. ಅವನ ಪಕ್ಕದಲ್ಲಿ ಬೀಡಿ ಅಂಗಡಿ ಇಟ್ಟುಕೊಂಡಿದ್ದ ನನಗೆ ಸಿಟ್ಟು ಬರುತ್ತಿತ್ತು. ಮನುಷ್ಯ ಗೋಡೆಯ ಜೊತೆ ಎಷ್ಟಂತ ಮಾತಾಡಿಯಾನು?

ಅವನು ಬಾಗಲವಾಡದ ಕುರಿಗಾರರ ಮಗ. ಅಪ್ಪ, ಅಣ್ಣಂದಿರು ಹಿಂಡು ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ತಿರುಗುವವರು. ಇವನು ರಾಯಚೂರಿನ ಗ್ಯಾರೇಜೊಂದರಲ್ಲಿ ಕೆಲಸ ಕಲಿತು, ಎಪ್ಪತ್ಮೂರರಲ್ಲಿ ಮಾನ್ವಿ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಅಂಗಡಿ ಹಾಕಿದ. ‘ಕುರಿ ಬಿಟ್ಟವಗ ಹೆಣ್ಣು ಯಾರು ಕೊಡ್ತಾರ’ ಎಂದರು ಅವರ ಮಂದಿ. ಹೇಳಿದ ಹಾಗೆ ಕೊಡಲೂ ಇಲ್ಲ. ಅವ್ವ ಕರೆಮ್ಮ ಇದ್ದಾಗ ಹಿಂಡು ಈ ಕಡೆ ಬಂದರೆ ರೊಟ್ಟಿ ಗಂಟು ಇಟ್ಟು ಹೋಗುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಹಿಂಡು ಬೇರೆ ದಾರಿ ಹಿಡಿಯಿತು. ಅಂಗಡಿಯಲ್ಲೇ ಅಡುಗೆ, ಅಂಗಡಿಯಲ್ಲೇ ನಿದ್ದೆ.

ಶುಕ್ರವಾರ ನಮಾಜು ಮುಗಿಸಿ ಬರುತ್ತಿದ್ದವನು ಅಲ್ಲಾಬಕ್ಷ್. ದೇವದುರ್ಗ, ಮಾನ್ವಿ, ರಾಯಚೂರು ನಡುವೆ ತನ್ನ ಹಳೇ ಲ್ಯಾಂಡ್‌ಮಾಸ್ಟರ್ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ. ಅಷ್ಟುದ್ದದ ಹೆಸರು ನಮ್ಮ ಬಾಯಿಗೆ ಹೊಂದದೆ ಊರಿನವರು ಆ ಕಾರಿಗೆ ‘ಮಾಸ್ತರ’ ಎಂದರು. ಮೊದಲ ಸಲ ಬಂದಾಗ ಮಾಸ್ತರನ ಬಲಗಣ್ಣು ಮಂಕಾಗಿತ್ತು. ಬಲ್ಬು ಬದಲಿಸಿದರೂ ಕೆಮ್ಮಣ್ಣಿನ ಬಣ್ಣದ ಬೆಳಕೇ. ಮಾಳಿಂಗಪ್ಪ ಬ್ಯಾಟರಿಗೆ ಕರೆಂಟು ವಾಪಸ್ ಬರುವ ತುದಿಯಿಂದ ಬೇರೊಂದು ವೈರು ಎಳೆದು ಲೈಟಿನ ಬುಡಕ್ಕೆ ಮುಟ್ಟಿಸಿದ. ಬೆಳಕು ಭಗ್ಗನೆ ಬಂತು. ಅಂದರೆ ಕರೆಂಟು ಬಲ್ಬಿನ ತನಕ ಸರಿಯಾಗಿಯೇ ಬರುತ್ತಿದೆ, ಗಾಡಿಯ ಮೈ ಹಿಡಿದು ವಾಪಸ್ ಹೋಗುವ ದಾರಿ ಕೆಟ್ಟಿದೆ. ಆ ದಾರಿಗೆ ಇವರು ‘ಅರ್ತ್’ ಎನ್ನುತ್ತಾರೆ. ಮಡ್‌ಗಾರ್ಡಿನ ಒಳಗೆ ತುಕ್ಕು ಹಿಡಿದ ಬೋಲ್ಟನ್ನು ಉಪ್ಪುಕಾಗದದಿಂದ ತಿಕ್ಕಿ ಬಿಗಿದ.

“ಅರ್ತ್ ಇರಲಿಲ್ಲ ಚಾಚಾ,” ಎಂದ.

“ನನ್ನ ಜಿಂದಗಿಗೂ ಅರ್ಥ ಇಲ್ಲೋ ಬೇಟಾ, ಅದನ್ನೂ ಅಷ್ಟು ತಿಕ್ಕು,” ಎಂದ ಅಲ್ಲಾಬಕ್ಷ್. ಮಾಳಿಂಗಪ್ಪ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಆಮೇಲೆ ಗಾಡಿ ಕೆಡಲಿ ಬಿಡಲಿ, ಶುಕ್ರವಾರ ಮಾಸ್ತರ ಬಂದು ನಿಲ್ಲುತ್ತಿದ್ದ. ಅಲ್ಲಾಬಕ್ಷ್ ಸ್ಟೂಲಿನ ಮೇಲೆ ಕೂತು, ದಾರಿಯಲ್ಲಿ ಕಂಡದ್ದು, ಕಾಣದ್ದು ಎಲ್ಲ ಹೇಳುವನು. ಇವನೂ ಬಾಯಿ ಬಿಟ್ಟು ಅವ್ವನ ಮಾತು, ಕುರಿಯ ಮಾತು ಆಡುವನು. ಹತ್ತು ವರ್ಷ ಹೀಗೇ ನಡೆಯಿತು.

ಎಂಬತ್ನಾಲ್ಕರಲ್ಲಿ ಅಲ್ಲಾಬಕ್ಷ್ ಮತ್ತೆ ಲೈಟು ಮಂಕು ಎನ್ನತೊಡಗಿದ. ಮಾಳಿಂಗಪ್ಪ ಅರ್ತ್ ನೋಡಿದ, ಕಾಲಲ್ಲಿ ಒತ್ತುವ ಡಿಪ್ ಸ್ವಿಚ್ ಬಿಚ್ಚಿ ತೊಳೆದ, ಬ್ಯಾಟರಿಯಿಂದ ನೇರ ವೈರು ಕೊಟ್ಟ. ಬೆಳಕು ಒಂದು ಚೂರೂ ಹೆಚ್ಚಲಿಲ್ಲ, ಕಮ್ಮಿಯೂ ಆಗಲಿಲ್ಲ. ಎಲ್ಲ ಸರಿಯಾಗಿಯೇ ಇತ್ತು. ಹೊತ್ತು ಮುಳುಗುವಾಗ ಎದುರಿನ ಅಕ್ಕಿ ಗಿರಣಿಯ ಗೋಡೆಗೆ ಲೈಟು ಬಿಟ್ಟ. ಉಳ್ಳಾಗಡ್ಡಿ ಮಾರುವ ಬೂದೆಮ್ಮ ಅಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಬೆಳಕಿಗೆ ಕಣ್ಣು ಕುಕ್ಕಿ ಅಂಗೈ ಅಡ್ಡ ಹಿಡಿದಳು.

“ಏನು ಕಾಣತದ ಚಾಚಾ?”

“ಗ್ವಾಡಿ ಅದ. ಮತ್ತೇನದ?”

ಮಾಳಿಂಗಪ್ಪ ಸುಮ್ಮನೆ ಒಂದು ವೈರು ಬಿಚ್ಚಿ ಮತ್ತೆ ಸಿಕ್ಕಿಸಿ, “ಈಗ ನೋಡ್ರಿ,” ಎಂದ. “ಈಗ ಚಲೋ ಆತು,” ಎಂದು ಅಲ್ಲಾಬಕ್ಷ್ ಹೋದ. ಮೂರ್ನಾಲ್ಕು ಶುಕ್ರವಾರ ಇದೇ ನಾಟಕ. ನನಗೆ ತಡೆಯಲಿಲ್ಲ. “ಹೇಳಾಕ ಏನಾಗೇದ ನಿನಗ?” ಎಂದು ಬೈದೆ.

“ಹೇಳಿದ್ರ ಗಾಡಿ ಓಡಿಸೋದು ಬಿಡತಾನ. ಗಾಡಿ ಬಿಟ್ಟ ಮ್ಯಾಲ ಇಲ್ಲಿಗ್ಯಾಕ ಬರತಾನ?” ಎಂದ.

ಮುಂದಿನ ವಾರ ಅಲ್ಲಾಬಕ್ಷ್ ಹುರುಪಿನಲ್ಲಿ ಬಂದ. “ನಾಳಿ ದೇವದುರ್ಗಕ್ಕ ಮದುವಿ ಬಾಡಿಗಿ ಅದ. ಮದುಮಗಳು, ಸಣ್ಣ ಹುಡುಗ್ರು. ತಿರುಗಿ ಬರೋದು ಕತ್ತಲಾಗತದ. ಲೈಟ್ ಪಕ್ಕಾ ಮಾಡು.”

ಮಾಳಿಂಗಪ್ಪ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ.

“ಚಾಚಾ, ಮಾಸ್ತರನ ಕಣ್ಣು ಚಲೋ ಅದಾವ.”

“ಮತ್ತ?”

“ನಿಮ್ಮವು ಕಾಣವಲ್ಲವು.”

ಅಲ್ಲಾಬಕ್ಷ್ ಕಿಸೆಯಿಂದ ಗಾಡಿಯ ಕೀಲಿಕೈ ತೆಗೆದ. ಆಮೇಲೆ ಮೆಲ್ಲಗೆ ಹೇಳಿದ: “ನನಗ ಗೊತ್ತಿಲ್ಲಂತ ತಿಳಕೊಂಡಿಯೇನು? ನೀ ವೈರಿನ್ಯಾಗ ಏನಾರ ತಪ್ಪು ಹುಡುಕ್ತಿ ಅಂತ ಬರತಿದ್ದೆ. ಅಷ್ಟು ಮಾಡಾಕ ಆಗಲಿಲ್ಲೇನು ನಿನಗ?”

ಕೀಲಿಕೈಯನ್ನು ಮೇಜಿನ ಮೇಲಿಟ್ಟು ನಡೆದೇ ಹೋದ. ಗಾಡಿಗಳ ನಡುವೆಯೇ ಬದುಕಿದ ಮಾಳಿಂಗಪ್ಪನಿಗೆ ಓಡಿಸಲು ಬರುತ್ತಿರಲಿಲ್ಲ. ಮದುವೆಗೆ ಗಿರಣಿಯ ಡ್ರೈವರು ಓಡಿಸಿಕೊಂಡು ಹೋದ. ತಿಂಗಳೊಳಗೆ ಮಾಸ್ತರ ಯರಗೇರಾದವರಿಗೆ ಮಾರಾಟವಾದ. ಅಲ್ಲಾಬಕ್ಷ್ ರಾಯಚೂರಿಗೆ, ಮಗಳು ಉಮ್ಮೇ ಕುಲ್ಸುಮ್ ಮನೆಗೆ ಹೋದ. ಹೋಗುವಾಗ ಅಂಗಡಿಯ ಕಡೆ ಬರಲಿಲ್ಲ.

ಮದುವೆ ಮಂದಿ ಕ್ಷೇಮವಾಗಿ ಬಂದರಲ್ಲ, ನೀನು ಪುಣ್ಯ ಕಟ್ಟಿಕೊಂಡೆ ಎಂದು ಊರಿನವರು ಮಾಳಿಂಗಪ್ಪನಿಗೆ ಹೇಳಿದರು. ಅದಕ್ಕೂ ‘ಹೂಂ’ ಎಂದ. ನಾನೇ ಸ್ಟೂಲು ಎಳೆದುಕೊಂಡು ಹೋಗಿ ಕೂತೆ, ಏನೇನೋ ಹರಟಿದೆ. ನಾನು ಅಲ್ಲಾಬಕ್ಷ್ ಅಲ್ಲವಲ್ಲ, ಏನು ಮಾಡಲಿ? ಅವನ ಮುಖ ನೋಡಿದರೆ ಸಂಕಟವಾಗುತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ದಿನ ಅಂಗಡಿ ಮುಚ್ಚಿ, ಒಗೆದ ಅಂಗಿ ತೊಟ್ಟು, ಬೂಂದಿ ಕಟ್ಟಿಸಿಕೊಂಡು ರಾಯಚೂರಿನ ಬಸ್ಸು ಹತ್ತಿದ. ಅಲ್ಲಿ ನಡೆದದ್ದನ್ನು ಎಷ್ಟೋ ದಿನದ ಮೇಲೆ ನಾನು ಕಾಡಿ ಕೇಳಿದಾಗ ಹೇಳಿದ. ಕುಲ್ಸುಮ್ ಬಾಗಿಲಿಗೆ ಬಂದಳು. ಹೆಸರು ಕೇಳಿಕೊಂಡು ಒಳಗೆ ಹೋಗಿ ಬಂದು, “ಅಬ್ಬಾ ಮಲಗ್ಯಾರ್ರಿ,” ಎಂದಳು. ಅಷ್ಟರಲ್ಲೇ ಒಳಗಿನಿಂದ ಅಲ್ಲಾಬಕ್ಷನ ದನಿ ಕೇಳಿಸಿತು. ಯಾರಿಗೋ ಕಾರಿನ ಕಥೆ ಹೇಳುತ್ತಿದ್ದ: “ಏನು ಲೈಟ್ ಅಂತಿ ಅದರದು. ಇಲ್ಲಿ ಹಚ್ಚಿದ್ರ ಅಷ್ಟು ದೂರದ ಮಟಮಾರಿ ಊರ ತನಕ ಕಾಣತಿತ್ತು.”

ಕುಲ್ಸುಮ್ ನೆಲ ನೋಡಿದಳು. ಮಾಳಿಂಗಪ್ಪ ಬೂಂದಿಯ ಪೊಟ್ಟಣವನ್ನು ಅವಳ ಕೈಗೆ ಕೊಟ್ಟ.

“ಎಬ್ಬಿಸಬ್ಯಾಡವ್ವಾ, ಮಲಗಲಿ,” ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದ.