ಬೆಳ್ಳಿ ಕಣ್ಣಿಡದ ನಿಂಗಮ್ಮತ್ತೆ

ನಿಂಗಮ್ಮತ್ತೆ ಬಾಯಿ ಬಿಟ್ಟರೆ ಆಚೆ ಗುಡ್ಡದ ಕುರಿಯೂ ಮೇಯುವುದು ಬಿಟ್ಟು ತಲೆಯೆತ್ತಬೇಕು, ಅಂಥ ಗಂಟಲು. ನನ್ನಪ್ಪನ ಅಕ್ಕ. ಬಾಗೂರಿನ ಹತ್ತಿರದ ಹಟ್ಟಿಯಲ್ಲಿ ಹುಟ್ಟಿ, ಅಲ್ಲೇ ಕುರಿ ಕಾಯ್ದು, ಅಲ್ಲೇ ಬಾಳಿದವಳು. ಬೈಯದೆ ಪ್ರೀತಿ ಮಾಡುವುದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ಗಂಡನ ಮನೆ ಚಿಕ್ಕಜಾಜೂರಿನಿಂದ ಹೋದರೆ, "ಬಂದ್ಯಾ ಮುಂಡೇದೆ! ಅಲ್ಲೇನು ಹೊಟ್ಟಿಗೆ ಇಕ್ಕಲ್ವೇನೆ ನಿಂಗೆ?" ಎನ್ನುತ್ತಲೇ ಬಿಸಿ ಮುದ್ದೆಯ ಪಕ್ಕ ಇಷ್ಟು ದಪ್ಪ ಬೆಣ್ಣೆ ಇಡುತ್ತಿದ್ದಳು.

ಇಂಥವಳು ಬಾಯಿ ಮುಚ್ಚುತ್ತಿದ್ದುದು ಒಂದೇ ಕಡೆ. ಹಟ್ಟಿಯ ಹಿಂದಿನ ಗುಡ್ಡದ ಗವಿಯಲ್ಲಿ ಕಲ್ಲಿನ ಕುಂತಪ್ಪ ಇದ್ದಾನೆ. ಪದ್ಮಾಸನ, ಮಡಿಲಲ್ಲಿ ಕೈಮೇಲೆ ಕೈ, ಸವೆದು ನುಣ್ಣಗಾದ ಮುಖ. ಧ್ಯಾನದ ಬುದ್ಧ, ಬಹಳ ಹಳೆಯದು ಎನ್ನುತ್ತಾರೆ ಓದಿದವರು. ಹಟ್ಟಿಗೆ ಮಾತ್ರ ಅವನು ಕುಂತಪ್ಪನೇ. ಎಣ್ಣೆ, ವಿಭೂತಿ, ಕುರಿ ಈದಾಗ ಮೊದಲ ಹಾಲು ಅವನಿಗೆ. ಅವನ ಮುಂದೆ ಯಾರೂ ಮಾತಾಡಕೂಡದು.

ಅತ್ತೆಯ ಕಣ್ಣಿಗೆ ಪೊರೆ ಬಂದಾಗ ಕುಂತಪ್ಪನಿಗೇ ಹರಕೆ ಹೊತ್ತಳು: ಕಣ್ಣು ಬಂದರೆ ಬೆಳ್ಳಿ ಕಣ್ಣು ಇಡಿಸ್ತೀನಿ ಅಂತ. ನಮ್ಮ ಜನಕ್ಕೆ ದೇವರು ತಮ್ಮನ್ನು ನೋಡುತ್ತಿರಬೇಕು, ಗುಂಡುಕಲ್ಲಿಗೂ ಮೇಣ ಹಚ್ಚಿ ಕಣ್ಣು ಅಂಟಿಸದಿದ್ದರೆ ಸಮಾಧಾನವಿಲ್ಲ. ಆಪರೇಷನ್ ಚೆನ್ನಾಗಾಯಿತು. ಹೊಸದುರ್ಗದಲ್ಲಿ ಬೆಳ್ಳಿ ಕಣ್ಣು ಮಾಡಿಸಿ, ಮನೆಮಂದಿಯೆಲ್ಲ ಹೂವು ಕಾಯಿ ಹಿಡಿದು ಗುಡ್ಡ ಹತ್ತಿದೆವು.

ಮೇಣ ಹಚ್ಚುವ ಮೊದಲು ಅತ್ತೆ ಕುಂತಪ್ಪನ ಮುಖದ ಎಣ್ಣೆಜಿಡ್ಡನ್ನು ಸೆರಗಿನಿಂದ ಒರೆಸತೊಡಗಿದಳು. ಒರೆಸುತ್ತಿದ್ದ ಕೈ ನಿಂತಿತು. ಮೂಗಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಕಟ್ಟಳೆ ಗಿಟ್ಟಳೆ ಮರೆತು ಕೂಗಿಯೇಬಿಟ್ಟಳು: "ಇವ್ನಿಗೆ ಕಣ್ಣಿಲ್ಲ ಅಂದೋರ್ಯಾರಲೇ? ಐತೆ! ಬೇಕಂತ ಮುಚ್ಕಂಡು ಕುಂತವ್ನೆ. ಅದರ ಮ್ಯಾಲೆ ತೆರೆದ ಕಣ್ಣು ಅಂಟಿಸ್ಲಾ ನಾನು?"

ಅಪ್ಪ ಬೆವೆತುಹೋದ. "ಹರಕೆ ಕಣಕ್ಕಾ. ತಪ್ಪಿದ್ರೆ ಕೊಟ್ಟ ಕಣ್ಣು ಕಿತ್ಕಳ್ತಾನೆ."

"ಕಿತ್ಕಳ್ಳೋ ಮುಖಾನೇನ್ಲೇ ಇದು? ಸರಿಯಾಗಿ ನೋಡು."

ಇಳಿದು ಬಂದವಳೇ ಆ ಕಣ್ಣುಗಳನ್ನು ಊರ ಮಾರಮ್ಮನಿಗೆ ಅಂಟಿಸಿದಳು. "ಅವ್ಳಿಗೆ ಊರೋರ ಮನೆ ಎಲ್ಲ ನೋಡಬೇಕು, ಇರ್ಲಿ ಬಿಡು" ಎಂದು ನಕ್ಕಳು. ನಾನಂತೂ ಬಿದ್ದು ಬಿದ್ದು ನಕ್ಕೆ.

ಕೆಲವು ವರ್ಷಕ್ಕೆ ಅವಳ ಕಣ್ಣು ಮತ್ತೆ ಮಂಕಾಗತೊಡಗಿತು. ಡಾಕ್ಟರು ನರದ ತೊಂದರೆ ಎಂದರು, ಹಟ್ಟಿಯವರು ಹರಕೆಯ ತೊಂದರೆ ಎಂದರು. ಅಪ್ಪ ಇನ್ನೊಂದು ಜೊತೆ ಬೆಳ್ಳಿ ಕಣ್ಣು ಮಾಡಿಸಿ ತಂದು ಅಕ್ಕನ ಕಾಲು ಹಿಡಿದು ಅತ್ತ. "ಈಗ್ಲಾದ್ರೂ ಇಟ್ಟು ಬರಾಣ ನಡಿಯಕ್ಕಾ." ಅವಳು ಒಪ್ಪಲಿ ಎಂದು ನನಗೂ ಅನಿಸಿತ್ತು. ನಂಬಿಕೆಯಿಂದಲ್ಲ, ಅವಳ ಮೇಲಿನ ಅಕ್ಕರೆಗೆ.

ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಭಯ ಐತೆ ಕಣೆ. ಕತ್ಲು ಅಂದ್ರೆ ಯಾರಿಗೆ ಭಯ ಇಲ್ಲ? ಆದ್ರೂ ನನ್ ಭಯಕ್ಕೆ ಕುಂತಪ್ಪನ್ನ ಎಬ್ಬಿಸಬಾರ್ದು." ಎಂಥ ಹೆಂಗಸು ಇವಳು ಅನ್ನಿಸಿತು ನನಗೆ. ಇವತ್ತಿಗೂ ಅನ್ನಿಸುತ್ತದೆ.

ಅತ್ತೆ ಈಗಿಲ್ಲ. ನಾನು ಅವಳನ್ನು ಕೊನೆಗೆ ನೋಡಿದ್ದು ಆ ಗವಿಯಲ್ಲೇ. ಆಗ ಅವಳಿಗೆ ಏನೂ ಕಾಣುತ್ತಿರಲಿಲ್ಲ, ನಾನು ಕೈಹಿಡಿದು ಹತ್ತಿಸಿದೆ. ಅಪ್ಪನೂ ಬಂದಿದ್ದ, ಅಂಗಿಯ ಜೇಬಿನಲ್ಲಿ ಕಣ್ಣಿನ ಪೊಟ್ಟಣ ಇಟ್ಟುಕೊಂಡು. ಅತ್ತೆ ತಡವುತ್ತ ಕುಂತಪ್ಪನ ಮೊಣಕಾಲು, ಎದೆ, ಕೆನ್ನೆ ದಾಟಿ ರೆಪ್ಪೆಗಳ ಮೇಲೆ ಹೆಬ್ಬೆರಳಾಡಿಸಿದಳು. ಯಾರೂ ಏನೂ ಅಂಟಿಸಿಲ್ಲವೆಂದು ಖಾತ್ರಿ ಮಾಡಿಕೊಂಡು, ಎದುರಿಗೆ ಕುಳಿತು, ಕಾಣದ ತನ್ನ ಕಣ್ಣುಗಳನ್ನೂ ಮುಚ್ಚಿದಳು.

ಅಪ್ಪನ ಕೈ ಜೇಬಿನೊಳಗಿತ್ತು. ಬಹಳ ಹೊತ್ತು ಅಕ್ಕನನ್ನೇ ನೋಡುತ್ತ ನಿಂತಿದ್ದ. ಆಮೇಲೆ ಬರಿಗೈಯನ್ನು ಹೊರತೆಗೆದು, ಅವಳ ಪಕ್ಕ ಕುಳಿತು, ತಾನೂ ಕಣ್ಣು ಮುಚ್ಚಿದ.