ಗುಲಗಂಜಿ ಕಣ್ಣಿನ ಎತ್ತು

ತಂಗಿ ಬಟ್ಟೆಯಲ್ಲಿ ಎತ್ತು ಹೊಲಿಯುತ್ತಿದ್ದಳು. ಸಂಕ್ರಾಂತಿಯಂದು ಕಿಚ್ಚು ಹಾಯುವ ಎತ್ತು. ಮುಂಗಾಲು ಮೇಲೆತ್ತಿ, ಕೊಂಬಿಗೆ ಬಣ್ಣದ ಟೇಪು ಕಟ್ಟಿಕೊಂಡದ್ದು. ಶ್ರೀರಂಗಪಟ್ಟಣ ನೋಡಲು ಬಂದವರು ಅಲ್ಲಿನ ಒಂದು ಅಂಗಡಿಯಲ್ಲಿ ನೆನಪಿಗೆಂದು ಕೊಳ್ಳುತ್ತಿದ್ದರು. ತೊಂಬತ್ತರ ದಶಕದ ಮಾತು. ಹಾಸ್ಟೆಲ್ ವಾರ್ಡನ್ ಕೆಲಸದಿಂದ ನಿವೃತ್ತಳಾಗಿ ನಾನು ಪಾಂಡವಪುರದಲ್ಲಿ ಅವಳ ಮನೆಯಲ್ಲಿದ್ದೆ. ಹೊಲಿಗೆ ಅವಳದು, ಅರಳೆ ತುಂಬುವುದು, ಕಸ ಗುಡಿಸುವುದು ನನ್ನದು.

ನಾಗಮಂಗಲದ ಕಡೆಯ ನಮ್ಮ ತವರಿನಲ್ಲಿ ಮಣ್ಣಿನ ಎತ್ತು ಮಾಡಿ, ಹಸಿ ಮಣ್ಣಿಗೇ ಗುಲಗಂಜಿ ಒತ್ತಿ ಕಣ್ಣು ಕೂರಿಸುತ್ತಿದ್ದೆವು. ಕೆಂಪು ಕಾಳು, ತುದಿಯಲ್ಲಿ ಕಪ್ಪು ಚುಕ್ಕೆ. ಬಟ್ಟೆಗೆ ಒತ್ತಲಾಗದು. ಹಾಗಾಗಿ ತಂಗಿ ಕಾಯಿಸಿದ ದಬ್ಬಳದಿಂದ ಕಾಳಿಗೆ ತೂತು ಮಾಡಿ ದಾರದಲ್ಲಿ ಹೊಲಿದಳು.

ಒಂದು ಮಧ್ಯಾಹ್ನ ಅವಳ ಮೊಮ್ಮಗಳು, ಅಂಬೆಗಾಲಿಡುವ ಮಗು, ಎತ್ತಿನ ಮುಖ ಚೀಪುತ್ತಾ ಕೂತಿತ್ತು. ತಂಗಿ ಕಿತ್ತುಕೊಂಡು ನೋಡಿದಳು.

"ಅಕ್ಕಾ, ಒಂದ್ ಕಣ್ಣೇ ಇಲ್ಲ ಕಣಕ್ಕ!"

ಮಗುವಿನ ಬಾಯಲ್ಲಿ ಬೆರಳಾಡಿಸಿದೆ. ಏನೂ ಇಲ್ಲ. ಚಾಪೆ ಕೊಡವಿದೆವು, ಇಲ್ಲ. ಮಗುವನ್ನು ಎತ್ತಿಕೊಂಡು ಬೀದಿಯ ತುದಿಯ ಡಾಕ್ಟರ ಬಳಿ ಓಡಿದೆವು.

"ಇಡೀ ಕಾಳಾ, ತೂತು ಮಾಡಿದ್ದಾ?" ಎಂದರು ಅವರು.

"ತೂತ್ ಮಾಡಿದ್ದು ಸಾರ್," ಎಂದಳು ತಂಗಿ.

"ಇಡೀದಾದ್ರೆ ಸಾಮಾನ್ಯವಾಗಿ ಹಾಗೇ ಹೊರಟುಹೋಗುತ್ತೆ. ತೂತಾದ್ರೆ ವಿಷ ಬಿಡುತ್ತೆ. ಮಗು ಈಗ ಚೆನ್ನಾಗಿದೆ ಅಂತ ನಂಬಬೇಡಿ. ಮೈಸೂರಿಗೆ ಹೊರಡಿ," ಎಂದು ಕಾರು ತರಲು ಕಳಿಸಿದರು.

ಮಗು ನನ್ನನ್ನು ನೋಡಿ ನಕ್ಕಿತು.

"ಅಕ್ಕ, ನೀ ಗುಡಿಸ್ದಲ್ಲ, ಕಸ ಎಲ್ಲಾಕ್ದೆ?"

ಊಟವಾದೊಡನೆ ಗುಡಿಸಿ, ಆಗಲೇ ತಿಪ್ಪೆಗೆ ಸುರಿಯುವುದು ನನ್ನ ರೂಢಿ. ಹೇಳಿದೆ.

"ಒಂದಿನಾನಾರ ಸೋಮಾರಿಯಾಗಿರ್ಬಾರ್ದಿತ್ತಾ ನೀನು!" ಎಂದು ಅತ್ತಳು.

ಮಗುವನ್ನು ಅವಳ ಬಳಿ ಬಿಟ್ಟು ಮನೆಗೆ ಓಡಿದೆ. ಹಿತ್ತಲಿನ ತಿಪ್ಪೆಯಲ್ಲಿ ಮಂಡಿಯೂರಿ ಕೆದಕಿದೆ. ಬೂದಿ, ಸಗಣಿ, ಅರಳೆಯ ಚೂರು. ಕೆಂಪಗೆ ಕಂಡದ್ದೆಲ್ಲ ಮೆಣಸಿನಕಾಯಿ ಸಿಪ್ಪೆ. ರಸ್ತೆಯಲ್ಲಿ ಕಾರಿನ ಹಾರನ್ ಕೇಳಿತು. ಬೆರಳಿಗೆ ಹಸಿರು ದಾರವೊಂದು ಸಿಕ್ಕಿಕೊಂಡಿತು. ಎಳೆದರೆ ತುದಿಯಲ್ಲಿ ಗುಲಗಂಜಿ.

ಹಸಿರು ದಾರ ಹಾಕಿದ್ದು ಅದೊಂದೇ ಎತ್ತಿಗೆ. ಕಪ್ಪು ದಾರ ಮುಗಿದಿತ್ತು. ತಂಗಿ ಕಾರು ಹತ್ತುವಷ್ಟರಲ್ಲಿ ಕಾಳು ಹಿಡಿದು ಓಡಿದೆ. ಡಾಕ್ಟರು ಅದನ್ನು ತಿರುಗಿಸಿ ನೋಡಿ, ಚೂರೂ ಹೋಗಿಲ್ಲ ಎಂದರು. ಆದರೂ ಸಂಜೆಯವರೆಗೆ ಮಗುವನ್ನು ಕಣ್ಣೆದುರೇ ಇಟ್ಟುಕೊಂಡರು.

ಮರುದಿನ ಮೊದಲ ಬಸ್ಸಿಗೇ ಶ್ರೀರಂಗಪಟ್ಟಣಕ್ಕೆ ಹೋಗಿ, ಅಂಗಡಿಯಲ್ಲಿದ್ದ ಎತ್ತುಗಳನ್ನೆಲ್ಲ ಹಿಂದಕ್ಕೆ ತಂದೆ. ತಂಗಿ ಗುಲಗಂಜಿಯನ್ನೆಲ್ಲ ಕಿತ್ತು, ಕಾಳಿಲ್ಲದೆ ಬರೀ ಕಪ್ಪು ದಾರದಲ್ಲೇ ಹೊಸ ಕಣ್ಣು ಹೊಲಿದಳು.

ಆಗಲೇ ಮಾರಿದ್ದು ಯಾರಿಗೆ ಎಂದು ಕೇಳಿದ್ದಕ್ಕೆ ಅಂಗಡಿಯವನು, "ಬಸ್ನಲ್ ಬಂದೋರು ತಕ್ಕೊಂಡೋದ್ರು. ಯಾವೂರೋ ಏನೋ ಕಣಮ್ಮ," ಎಂದಿದ್ದ.

ಮೊಮ್ಮಗಳು ಈಗ ದೊಡ್ಡವಳು. ಆದರೂ ಯಾವುದಾದರೂ ಮಗುವಿನ ಕೈಯಲ್ಲಿ ಬಟ್ಟೆಯ ಎತ್ತು ಕಂಡರೆ, ನಾನು ಮೊದಲು ನೋಡುವುದು ಅದರ ಕಣ್ಣನ್ನೇ.