ಅಕ್ಕ ಕಣ್ಣು ಉಳಿಸಿಕೊಂಡಳು

ನಮ್ಮಕ್ಕನದು ರಫು ಕೆಲಸ. ಕೋಟು, ಶಾಲು ಎಲ್ಲೇ ಹರಿದಿರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ಎಳೆಗೆ ಎಳೆ ಹೆಣೆದು ತೂತು ಮುಚ್ಚುತ್ತಾಳೆ. ಬಲಗೈಯಲ್ಲಿ ಸೂಜಿ, ಬಟ್ಟೆಯ ಕೆಳಗೆ ಸೂಜಿಮೊನೆಯನ್ನು ಬೆರಳಲ್ಲೇ ಗುರುತಿಸುವ ಎಡಗೈ. ಚೆನ್ನಾಗಿ ಮಾಡಿದರೆ ಮಾಡಿದ್ದೇ ಕಾಣಬಾರದು. ಗಿರಾಕಿಗಳು ಅತ್ತ ಇತ್ತ ತಿರುಗಿಸಿ, "ಎಲ್ರೀ ಮಾಡಿದೀರಿ?" ಎಂದು ಅನುಮಾನದಿಂದ ಕೇಳುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಮಾತ್ರ ಮುಸಿಮುಸಿ ನಗುತ್ತಿದ್ದಳು.

ಸಕ್ಕರೆ ಕಾಯಿಲೆ ಮೊದಲು ಕೈ ಹಾಕಿದ್ದು ಅವಳ ಕಣ್ಣಿಗೆ. ಡಾಕ್ಟರು ಕಣ್ಣುಗುಡ್ಡೆಯೊಳಗೇ ಇಂಜೆಕ್ಷನ್ ಕೊಟ್ಟರು. ಮಸುಕಾಗಿದ್ದ ಎಳೆಗಳು ಮತ್ತೆ ಒಂದೊಂದಾಗಿ ಕಂಡವು. ಕೆಲವು ಇಂಜೆಕ್ಷನ್ ಆಗುವಷ್ಟರಲ್ಲಿ ಕಾಲು ಊದಿಕೊಂಡಿತು. ಅದೇ ಆಸ್ಪತ್ರೆಯ ಮೇಲಿನ ಮಹಡಿಗೆ, ಕಿಡ್ನಿ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

"ಸಣ್ಣ ರಕ್ತನಾಳ ಬೆಳೆಸೋ ವಸ್ತು ಒಂದು ನಮ್ಮ ದೇಹದಲ್ಲೇ ತಯಾರಾಗುತ್ತೆ," ಎಂದು ಆಕೆ ವಿವರಿಸಿದರು. "ಕಣ್ಣಲ್ಲಿ ಅದು ಜಾಸ್ತಿಯಾಗಿ ಬೇಡದ ನಾಳ ಬೆಳೆಸುತ್ತೆ. ನಿಮ್ಮ ಇಂಜೆಕ್ಷನ್ ಅದನ್ನ ಅಡಗಿಸುತ್ತೆ. ಆದ್ರೆ ಕಿಡ್ನಿಗೆ ಅದೇ ಬೇಕು. ಇಲ್ದಿದ್ರೆ ನಾಳಗಳು ಸೊರಗಿ, ಆ ಜಾಗ ಗಾಯದ ಕಲೆ ಥರ ಗಟ್ಟಿಯಾಗುತ್ತೆ. ಔಷಧಿ ಸ್ವಲ್ಪ ರಕ್ತಕ್ಕೂ ಸೇರುತ್ತೆ. ಎಲ್ರಿಗೂ ತೊಂದ್ರೆ ಆಗಲ್ಲ, ನಿಮ್ಮ ವಿಷಯದಲ್ಲಿ ನಂಗೆ ಅನುಮಾನ ಇದೆ. ನಿಲ್ಲಿಸಿ ನೋಡೋಣ. ಲೇಸರ್ ಇದೆ, ಆದ್ರೆ ಇಷ್ಟು ಚುರುಕಾಗಿ ಕಾಣದೆ ಇರಬಹುದು."

ಮೆಟ್ಟಿಲಲ್ಲೇ ಅಕ್ಕ ನನ್ನ ರಟ್ಟೆ ಹಿಡಿದಳು. "ಕೆಳಗಡೆ ಕಣ್ಣಿನ ಡಾಕ್ಟರ ಹತ್ರ ಬಾಯಿ ಬಿಟ್ರೆ ನೋಡು!"

"ತಲೆ ಕೆಟ್ಟಿದೆಯಾ ಅಕ್ಕ? ಕಿಡ್ನಿ ಹೋದ್ರೆ ಕಣ್ಣಿಟ್ಕೊಂಡು ಏನ್ ಮಾಡ್ತೀಯ?"

"ಕೆಲ್ಸ ಮಾಡ್ತೀನಿ. ಕಿಡ್ನಿಗೆ ಮಷೀನ್ ಇದೆ ಕಣೇ. ಕಣ್ಣಿಗೆ ಯಾವ ಮಷೀನ್ ಇದೆ ಹೇಳು?"

ನಾನು ಬಾಯಿ ಬಿಟ್ಟೇಬಿಟ್ಟೆ. ಕಣ್ಣಿನ ಡಾಕ್ಟರೂ ನಿಲ್ಲಿಸೋಣ ಎಂದರು. ಅಕ್ಕ ಒಪ್ಪಲಿಲ್ಲ. "ಕಣ್ಣೂ ನಂದು, ಕಿಡ್ನೀನೂ ನಂದು. ಹಾಕಿ," ಎಂದು ಕುರ್ಚಿ ಹಿಡಿದು ಕೂತಳು. ಹಟಮಾರಿ! ಇನ್ನೂ ಸ್ವಲ್ಪ ಜಗಳ ಆಡಬೇಕಿತ್ತೋ ಏನೋ. ಆಡಿದ್ದರೂ ಕಿವಿಗೆ ಹಾಕಿಕೊಳ್ಳುವವಳಲ್ಲ.

ಕಿಡ್ನಿ ಕೈಕೊಟ್ಟಿತು. ಇಂಜೆಕ್ಷನ್ನಿಂದಲೋ ಸಕ್ಕರೆಯಿಂದಲೋ, ಯಾರೂ ಖಚಿತವಾಗಿ ಹೇಳಲಿಲ್ಲ. ಡಯಾಲಿಸಿಸ್ಸಿಗೆ ಕೈಯ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿಯಬೇಕಿತ್ತು. "ಬಲಗೈ ನಿಮ್ಮ ಕೆಲಸಕ್ಕಿರಲಿ, ಎಡಗೈಗೆ ಮಾಡೋಣ," ಎಂದರು ಸರ್ಜನ್, ಪಾಪ, ಕರುಣೆಯಿಂದಲೇ. ನಾವಿಬ್ಬರೂ ಹೂಂ ಅಂದೆವು. ಸೂಜಿ ಹಿಡಿಯುವ ಕೈ ಉಳಿಯಿತಲ್ಲ ಎಂಬ ಸಮಾಧಾನ ನಮಗೆ.

ಸೇರಿಸಿದ ನಾಳದಲ್ಲೇ ರಕ್ತವೆಲ್ಲ ಹರಿದು, ಎಡಗೈ ಬೆರಳುಗಳಿಗೆ ಸಾಲದಾಯಿತು. ತಣ್ಣಗಾದವು, ಜೋಮು ಹಿಡಿದವು. ಮತ್ತೆ ಆಪರೇಷನ್ ಮಾಡಿ ಸರಿಪಡಿಸಿದರು. ಬೆರಳು ಬೆಚ್ಚಗಾದರೂ ಜೋಮು ಬಿಡಲಿಲ್ಲ. "ಬಿಡುತ್ತೆ ಬಿಡೇ," ಎನ್ನುತ್ತಿದ್ದಳು.

ನಿನ್ನೆ ಬಹಳ ದಿನಗಳ ಮೇಲೆ ಕೆಲಸಕ್ಕೆ ಕೂತಳು. ನುಸಿ ತಿಂದ ಬೂದು ಬಣ್ಣದ ಕೋಟು. ಕಿಟಕಿಯ ಬೆಳಕಿನಲ್ಲಿ ಕೂದಲಿನಂಥ ಎಳೆಯನ್ನು ಸೂಜಿಗೆ ಪೋಣಿಸಿ, "ನೋಡೇ, ಒಂದೇ ಸಲಕ್ಕೆ!" ಎಂದು ಬೀಗಿದಳು. ನಾನು ಒಳಗೆ ಹೋಗಿ ಮಾತ್ರೆ ತರುವಷ್ಟರಲ್ಲಿ ಕೂಗಿದಳು.

"ಏಯ್, ಬಾರೇ ಇಲ್ಲಿ. ಈ ಕೆಂಪು ಕಲೆ ಎಲ್ಲಿಂದ ಬಂತು?"

ಕೋಟಿನ ಕೆಳಗಿದ್ದ ಅವಳ ಎಡಗೈಯನ್ನು ಹೊರತೆಗೆದೆ. ಬೆರಳ ತುದಿಗಳಲ್ಲೆಲ್ಲ ಸೂಜಿ ಚುಚ್ಚಿ ರಕ್ತ ಜಿನುಗುತ್ತಿತ್ತು. ಅಕ್ಕ ಒಂದೊಂದೇ ಬೆರಳನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು.

"ಎಷ್ಟು ಚೆನ್ನಾಗಿ ಕಾಣುತ್ತೆ ಕಣೇ," ಎಂದಳು.